ಗುಡಿಸಿ ಹೋಗುವ ಸ್ಕ್ರಿಪ್ಟ್

"ಇಷ್ಟೇ ನೋಡಿ ಸರ್," ಎಂದು ಕಿರಿಯವಳು ಬೋರ್ಡಿನ ಮೇಲೆ ನಾಲ್ಕನೆಯ ಚೌಕ ಎಳೆದು ಹಿಂದೆ ಸರಿದು ನಿಂತಳು. "ಪ್ರೋಗ್ರಾಂ ಹಾಕೋ ಮೊದಲು ಒಂದು ಸ್ಕ್ರಿಪ್ಟ್, ಹಾಕಿದ ಮೇಲೆ ಒಂದು. ತೆಗೆಯೋ ಮೊದಲು ಒಂದು, ತೆಗೆದ ಮೇಲೆ ಒಂದು. ಈ ನಾಲ್ಕನ್ನ ಸರಿಯಾಗಿ ಬರೆದುಬಿಟ್ರೆ ಆಯ್ತು. ಒಂದೊಂದು ಅಂಗಡಿಗೂ ಫೋನ್ ಹಿಡ್ಕೊಂಡು ಕೂರಬೇಕಾಗಿಲ್ಲ. ಹೊಸದು ಬಂತು ಅಂದ್ರೆ ಅಂಗಡಿ ಕಂಪ್ಯೂಟರಿನಲ್ಲಿರೋ ಪ್ಯಾಕೇಜ್ ಮ್ಯಾನೇಜರ್ ತಾನೇ ತಂದು ಹಾಕ್ಕೊಳ್ಳುತ್ತೆ."

ಯಜಮಾನರು ತಲೆದೂಗಿದರು. ಅವರ ತಲೆ ಸುಲಭಕ್ಕೆ ಆಡುವಂಥದ್ದಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ ಹಿರಿಯವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದೊಮ್ಮೆ ಆಡಲಿ ಎಂದು ಅವಳು ವರ್ಷಗಟ್ಟಲೆ ಕಾದಿದ್ದಳು. ಪಕ್ಕದಲ್ಲಿ ಟೆಸ್ಟಿಂಗಿನವನು ಕೂತಿದ್ದ. ತಪ್ಪು ಹುಡುಕುವುದೇ ಅವನಿಗೆ ಸಂಬಳದ ಕೆಲಸವಾದ್ದರಿಂದ ಆಫೀಸಿನಲ್ಲಿ ಎಲ್ಲರೂ ಅವನನ್ನು ಅನುಮಾನಪ್ಪ ಎಂದೇ ಕರೆಯುತ್ತಿದ್ದರು. ಅವನು ಕೂಡ, "ಇದ್ರಲ್ಲಿ ನಂಗೇ ಅನುಮಾನ ಬರ್ತಿಲ್ಲ ಅಂದ್ಮೇಲೆ ಮುಗೀತು," ಎಂದುಬಿಟ್ಟ. ಎಲ್ಲರೂ ನಕ್ಕರು. ಹಿರಿಯವಳೂ ನಕ್ಕಳು. ನಗದಿದ್ದರೆ ಗೊತ್ತಾಗಿಬಿಡುತ್ತದಲ್ಲ.

ಹಿರಿಯವಳು, ಕಿರಿಯವಳು ಎಂದರೆ ಅಕ್ಕತಂಗಿಯರಲ್ಲ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ಓರಗಿತ್ತಿಯರು. ಆಫೀಸಿನವರ ಬಾಯಲ್ಲಿ ದೊಡ್ಡ ಮೇಡಂ, ಚಿಕ್ಕ ಮೇಡಂ. ಕಿರಿಯವಳನ್ನು ಇಲ್ಲಿಗೆ ಕರೆತಂದವಳು ಹಿರಿಯವಳೇ. "ನಮ್ಮ ಮನೆ ಹುಡುಗಿ ಸರ್, ಚುರುಕಾಗಿದ್ದಾಳೆ, ನಾನು ಕಲಿಸ್ತೀನಿ," ಎಂದು ಯಜಮಾನರಿಗೆ ಹೇಳಿ, ತನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದಳು. ಆಗ ಅವಳಿಗೆ ಅದು ಬಹಳ ದೊಡ್ಡ ಮನಸ್ಸಿನ ಕೆಲಸ ಎನ್ನಿಸಿತ್ತು. ಈಗ ನೆನೆಸಿಕೊಂಡರೆ ತನ್ನ ತಲೆಯನ್ನು ತಾನೇ ಕುಟ್ಟಿಕೊಳ್ಳಬೇಕು ಎನ್ನಿಸುತ್ತಿತ್ತು. ಚುರುಕಾಗಿದ್ದಾಳೆ ಎಂದಿದ್ದು ಹೌದು. ಇಷ್ಟು ಚುರುಕಾಗಿರು ಎಂದು ಯಾರು ಹೇಳಿದ್ದರು?

"ಈ ಹೊಸ ಆವೃತ್ತಿ ಬಿಡುಗಡೆ ಒಂದು ಮುಗೀಲಿ," ಎಂದು ಯಜಮಾನರು ಕನ್ನಡಕ ಒರೆಸಿಕೊಳ್ಳುತ್ತ ಎದ್ದರು. "ಆಮೇಲೆ ಪ್ಯಾಕೇಜ್ ಕೆಲಸಕ್ಕೆಲ್ಲ ಒಬ್ಬರನ್ನ ಮುಖ್ಯಸ್ಥರನ್ನಾಗಿ ಮಾಡೋದೇ. ಇಷ್ಟು ದಿನ ಹಾಗೇ ನಡ್ಕೊಂಡು ಬಂತು."

ಇಷ್ಟು ದಿನ ಹಾಗೇ ನಡೆದುಕೊಂಡು ಬಂದದ್ದಲ್ಲ. ಹಿರಿಯವಳು ನಡೆಸಿಕೊಂಡು ಬಂದದ್ದು. ಕನ್ನಡಕದ ಅಂಗಡಿಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುವ ಪುಟ್ಟ ಕಂಪನಿ ಅದು. ಯಾವ ಗಿರಾಕಿಯ ಯಾವ ಕಣ್ಣಿಗೆ ಎಷ್ಟು ಪವರು, ಹೋದ ಸಲ ಎಷ್ಟಿತ್ತು, ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲೇ ಒಂದು ಫೋಲ್ಡರಿನಲ್ಲಿ ಕೂತಿರುತ್ತಿತ್ತು. ಆ ಪ್ರೋಗ್ರಾಂ ಅಂಗಡಿಯ ಯಂತ್ರಕ್ಕೆ ಹೋಗಿ ಕೂರುವಾಗ ಏನೇನು ಮಾಡಬೇಕು, ತೆಗೆದುಹಾಕಿದರೆ ಏನೇನು ಅಳಿಸಬೇಕು ಎಂಬ ಸ್ಕ್ರಿಪ್ಟುಗಳನ್ನು ಮೊದಲಿನಿಂದ ಬರೆದವಳು ಅವಳು. ಮುಖ್ಯಸ್ಥೆ ಎಂಬ ಹೆಸರೊಂದು ಇರಲಿಲ್ಲ ಅಷ್ಟೆ. ಈಗ ಆ ಹೆಸರು ಹುಟ್ಟುವ ಹೊತ್ತಿಗೆ ಬೋರ್ಡಿನ ಮುಂದೆ ನಿಂತವಳು ಬೇರೆ.

ಎಲ್ಲರೂ ಹೊರಟ ಮೇಲೂ ಹಿರಿಯವಳು ಆ ನಾಲ್ಕು ಚೌಕಗಳನ್ನು ನೋಡುತ್ತ ಕೂತಳು. ಎಲ್ಲಾದರೂ ಒಂದು ಕೊಂಕು ಸಿಗುತ್ತದೆಯೇ ಎಂದು ನೋಡಿದ್ದು, ಬೇರೇನಲ್ಲ. ಆಗ ಅವಳಿಗೆ ಹೊಳೆದದ್ದು ಕೊಂಕಲ್ಲ, ದೊಡ್ಡ ತೂತು.

ಪ್ರೋಗ್ರಾಂಗಳನ್ನು ಯಂತ್ರಕ್ಕೆ ಹಾಕಿ ತೆಗೆಯುವ ಆ ಪ್ಯಾಕೇಜ್ ಮ್ಯಾನೇಜರಿಗೆ ಒಂದು ಕ್ರಮವಿದೆ. ಹೊಸಬರಿಗೆ ವಿಚಿತ್ರವೆನಿಸುವ ಕ್ರಮ. ಹೊಸ ಆವೃತ್ತಿ ಬಂದಾಗ ಅದು ಹಳೆಯದನ್ನು ಕಳಿಸಿ ಹೊಸದನ್ನು ಕರೆಯುವುದಿಲ್ಲ. ಮೊದಲು ಹೊಸದನ್ನು ತಂದು ಕೂರಿಸುತ್ತದೆ, ಆಮೇಲೆ ಹಳೆಯದನ್ನು ಎಬ್ಬಿಸುತ್ತದೆ. ಹಳೆಯದು ಎದ್ದುಹೋಗುವಾಗ ತನ್ನ ತೆಗೆಯುವ ಸ್ಕ್ರಿಪ್ಟನ್ನು ನಡೆಸಿಯೇ ಹೋಗುತ್ತದೆ. ಈಗ ಎಲ್ಲ ಅಂಗಡಿಗಳಲ್ಲಿ ಕೂತಿರುವ ಹಳೆಯದರ ತೆಗೆಯುವ ಸ್ಕ್ರಿಪ್ಟು ಹಿರಿಯವಳು ಬರೆದದ್ದು, ಅದು ಗಿರಾಕಿಗಳ ಆ ಫೋಲ್ಡರನ್ನೇ ಗುಡಿಸಿಹಾಕುತ್ತದೆ.

ಹಾಗೆ ಬರೆಯಲು ಕಾರಣವಿತ್ತು. ಹಿಂದೊಮ್ಮೆ ಒಬ್ಬ ಅಂಗಡಿ ಮುಚ್ಚಿ ಕಂಪ್ಯೂಟರನ್ನು ಯಾರಿಗೋ ಮಾರಿದ್ದ. ಕೊಂಡವನು ತೆರೆದು ನೋಡಿದರೆ ಅರ್ಧ ಊರಿನವರ ಕಣ್ಣಿನ ವಿವರ, ಫೋನ್ ನಂಬರು, ವಯಸ್ಸು. ವಯಸ್ಸು ಬಯಲಾದ ಹೆಂಗಸೊಬ್ಬರು ಆಫೀಸಿಗೇ ಬಂದು ರಂಪ ಮಾಡಿದ್ದರು. "ತೆಗೆದ ಮೇಲೆ ಒಂದು ಧೂಳೂ ಉಳೀಬಾರ್ದು," ಎಂದು ಯಜಮಾನರು ಕೂಗಾಡಿದ್ದರು. ಧೂಳೂ ಉಳಿಯದ ಹಾಗೆ ಅವಳು ಬರೆದಳು. ತಾನಾಗಿ ಹೊಸದಾಗುವ ಏರ್ಪಾಟು ಆಗ ಇರಲಿಲ್ಲ. ಆವೃತ್ತಿ ಬದಲಿಸಬೇಕಾದರೆ ಅವಳೇ ದೂರದಿಂದ ಅಂಗಡಿಯ ಯಂತ್ರದೊಳಗೆ ಹೊಕ್ಕು, ಫೋಲ್ಡರನ್ನು ಪಕ್ಕಕ್ಕೆ ನಕಲು ಮಾಡಿಟ್ಟು, ಹಳೆಯದನ್ನು ತೆಗೆದು, ಹೊಸದನ್ನು ಹಾಕಿ, ನಕಲನ್ನು ವಾಪಸಿಡುತ್ತಿದ್ದಳು. ಆ ಕೈಕೆಲಸ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅನುಮಾನಪ್ಪ ಪರೀಕ್ಷೆ ಮಾಡುವುದೆಲ್ಲ ಹೊಚ್ಚಹೊಸ ಯಂತ್ರಗಳ ಮೇಲೆ, ಅಲ್ಲಿ ಎದ್ದುಹೋಗಲು ಹಳೆಯದೇ ಇರುವುದಿಲ್ಲ.

ಅಂದರೆ ಬಿಡುಗಡೆಯ ಮರುದಿನ ಅಂಗಡಿ ಅಂಗಡಿಯಲ್ಲೂ ಹೊಸ ಪ್ರೋಗ್ರಾಂ ಥಳಥಳ ಹೊಳೆಯುತ್ತಿರುತ್ತದೆ, ಒಳಗೆ ಒಬ್ಬ ಗಿರಾಕಿಯ ಹೆಸರೂ ಇರುವುದಿಲ್ಲ. ಹಿರಿಯವಳಿಗೆ ಭಯವಾಯಿತು. ಆ ಭಯದ ಹಿಂದೆಯೇ ಏನೋ ಸಿಹಿಯಾದದ್ದು ಬಂತು. ಆಗಲಿ, ಎಂದುಕೊಂಡಳು. ಆ ತಲೆದೂಗಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ನೋಡೋಣ.

ಬಿಡುಗಡೆಗೆ ಇನ್ನೂ ಸಮಯವಿತ್ತು. ಹೇಳಬಹುದು, ಹೇಳಿದರಾಯಿತು, ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿ ಮನೆಗೆ ಹೋದಳು.

ಮನೆಯಲ್ಲಿ ಅತ್ತೆ ಫೋನ್ ಹಿಡಿದುಕೊಂಡು ನಡುಮನೆಯಲ್ಲಿ ಕೂತಿದ್ದರು. ಫೋನು ಕೈಕೊಟ್ಟಾಗಲೆಲ್ಲ ಅವರು ಹಿರಿಯವಳನ್ನೇ ಕೂಗುತ್ತಿದ್ದರು. ಅಕ್ಷರ ಸಣ್ಣದಾಯಿತು, ಫೋಟೋ ಕಾಣೆಯಾಯಿತು, ಯಾರೋ ನಗುವ ಮುಖ ಕಳಿಸಿದ್ದಾರೆ ಯಾಕೆ ನಗುತ್ತಿದ್ದಾರೆ, ಎಲ್ಲಕ್ಕೂ ದೊಡ್ಡ ಸೊಸೆ. ಒಲೆಯ ಮೇಲೆ ಹಾಲಿಟ್ಟು ಓಡಿಬರುವಾಗ ಅವಳು ಗೊಣಗದ ದಿನವಿರಲಿಲ್ಲ. ಆ ದಿನ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, "ಏನಾಯ್ತು ಅತ್ತೆ, ಕೊಡಿ," ಎಂದು ಕೈಚಾಚಿದಳು.

"ನೀನು ಸುಸ್ತಾಗಿ ಬಂದಿದೀಯ, ಬಿಡಮ್ಮ," ಎಂದರು ಅತ್ತೆ. "ಚಿಕ್ಕವಳು ಬರ್ಲಿ. ಅವಳು ಮಾಡೋದೂ ಮಾಡ್ತಾಳೆ, ನಂಗೂ ಹೇಳ್ಕೊಡ್ತಾಳೆ."

ಹಿರಿಯವಳು ಚಾಚಿದ ಕೈಯಿಂದ ಸೋಫಾದ ಮೇಲಿದ್ದ ಟವೆಲನ್ನು ಎತ್ತಿಕೊಂಡು, ಅದಕ್ಕಾಗಿಯೇ ಚಾಚಿದ್ದೆಂಬಂತೆ ಮಡಿಸುತ್ತ ಒಳಗೆ ಹೋದಳು. ಹೊಟ್ಟೆಯೊಳಗೆ ನಿಜಕ್ಕೂ ಉರಿಯುತ್ತಿತ್ತು. ಬೇಡವೆಂದು ಗೊಣಗಿದ ಕೆಲಸ ಇನ್ನೊಬ್ಬಳ ಪಾಲಾದರೆ ಇಷ್ಟು ಉರಿಯಬೇಕೇ ಎಂದು ಅವಳಿಗೇ ನಾಚಿಕೆಯಾಯಿತು. ನಾಚಿಕೆಯಿಂದ ಉರಿಯೇನೂ ಕಡಿಮೆಯಾಗಲಿಲ್ಲ.

ಗಂಡನ ಹತ್ತಿರ ಹೇಳಿಕೊಳ್ಳಲು ನೋಡಿದಳು. "ನಿಮ್ಮ ತಮ್ಮನ ಹೆಂಡ್ತಿನ ಆಫೀಸಲ್ಲಿ ಎಲ್ಲರೂ ಹೊತ್ಕೊಂಡು ಮೆರೀತಿದಾರೆ."

"ಒಳ್ಳೇದಾಯ್ತಲ್ಲ," ಎಂದ ಅವನು ಶರ್ಟಿಗೆ ಗುಂಡಿ ಹೊಲಿಯುತ್ತ. "ಕರ್ಕೊಂಡು ಹೋಗಿದ್ದು ನೀನೇ ತಾನೆ. ನಿನ್ನ ಮರ್ಯಾದೆ ಉಳೀತು."

ಇವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದುಕೊಂಡು ಅವಳು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೋದಳು. ಹಿಂದೆಯೇ ಕಿರಿಯವಳೂ ಹತ್ತಿ ಬಂದಳು. ಇಬ್ಬರೂ ಒಂದು ದೊಡ್ಡ ಬೆಡ್‌ಶೀಟನ್ನು ಎರಡು ತುದಿಯಲ್ಲಿ ಹಿಡಿದು ಹಿಂಡಿ, ಕೊಡವಿ, ತಂತಿಯ ಮೇಲೆ ಹರಡಿದರು. ಆಚೆ ಬದಿಯಿಂದ ಕಿರಿಯವಳ ದನಿ ಬಂತು.

"ಅಕ್ಕ, ಇವತ್ತಿಂದು ಹೇಗಿತ್ತು? ನೀವೇನೂ ಹೇಳ್ಲೇ ಇಲ್ಲ."

"ಚೆನ್ನಾಗಿತ್ತು."

"ಏನಾದ್ರೂ ಬಿಟ್ಟಿದೀನಾ? ನಿಮಗೆ ಏನಾದ್ರೂ ಕಾಣ್ತಾ?"

ಹಿರಿಯವಳು ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದು ಬಟ್ಟೆಗೆ ಸಿಕ್ಕಿಸಿದಳು. ಇನ್ನೊಂದನ್ನೂ ಸಿಕ್ಕಿಸಿದಳು.

"ಏನೂ ಬಿಟ್ಟಿಲ್ಲ ಕಣೇ. ಎಲ್ಲ ಸರಿಯಾಗಿದೆ," ಎಂದಳು.

ಆಚೆಯಿಂದ ಇನ್ನೊಂದು ಬಟ್ಟೆ ಕೊಡವಿದ ಸದ್ದು ಬಂತು. ಆಮೇಲೆ, "ಸರಿ ಅಕ್ಕ," ಎಂದು ಕೇಳಿಸಿತು.

ದಿನಗಳು ಹೋದವು. ಹಿರಿಯವಳು ಹೇಳಲಿಲ್ಲ. ನಾಳೆ ಹೇಳುತ್ತೇನೆ ಎನ್ನುವಳು, ಅಷ್ಟರಲ್ಲಿ ಯಾರಾದರೂ ಬಂದು, "ಚಿಕ್ಕ ಮೇಡಂ ಎಲ್ಲಿ?" ಎಂದು ಅವಳನ್ನೇ ಕೇಳುವರು. ಒಮ್ಮೆ ಅಂಗಡಿಯವರೊಬ್ಬರು ಫೋನಿನಲ್ಲಿ, "ಹೋದ ಸಲ ಒಬ್ಬರು ಮಾತಾಡಿದ್ರಲ್ಲ, ನಗ್ತಾ ನಗ್ತಾ ಹೇಳ್ಕೊಡ್ತಾರೆ, ಅವರಿಗೇ ಕೊಡಿ," ಎಂದರು. ಹಿರಿಯವಳು ಫೋನು ದಾಟಿಸಿದಳು. ಈ ಮನುಷ್ಯನ ಗಿರಾಕಿಗಳೂ ಗುಡಿಸಿಕೊಂಡು ಹೋಗಲಿ, ಎನ್ನಿಸಿಬಿಟ್ಟಿತು. ಮರುಕ್ಷಣವೇ ಅವಳಿಗೆ ಆ ಅಂಗಡಿ ನೆನಪಾಯಿತು. ಕನ್ನಡಿಯ ಕೆಳಗೆ ಮಕ್ಕಳ ಫ್ರೇಮುಗಳನ್ನು ಸಾಲಾಗಿಟ್ಟ ಪುಟ್ಟ ಅಂಗಡಿ. ತನ್ನ ಮಗಳ ಮೊದಲ ಕನ್ನಡಕವನ್ನು ಅವಳು ಕೊಂಡದ್ದು ಅಲ್ಲೇ. ಮಗುವಿನ ಕಣ್ಣಿನ ಲೆಕ್ಕವೂ ಆ ಫೋಲ್ಡರಿನೊಳಗೇ ಇತ್ತು. ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಬಿಡುಗಡೆಗೆ ಒಪ್ಪಿಗೆ ಕೊಡುವ ಸಭೆ ಬೆಳಗ್ಗೆಯೇ ಇತ್ತು. ಕಿರಿಯವಳು ಮತ್ತೊಮ್ಮೆ ಎಲ್ಲವನ್ನೂ ವಿವರಿಸಿದಳು. "ಯಾರದ್ದಾದ್ರೂ ಏನಾದ್ರೂ ಮಾತಿದ್ಯಾ?" ಎಂದು ಯಜಮಾನರು ಕೇಳಿ, ಉತ್ತರಕ್ಕೆ ಕಾಯದೆ ಪೆನ್ನು ಮುಚ್ಚಲು ಹೋದರು.

"ಒಂದು ನಿಮಿಷ ಸರ್," ಎಂದಳು ಹಿರಿಯವಳು.

ಮನಸ್ಸು ತಡೆಯಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ ಎಂದು ಅವಳು ನಂಬಿದ್ದಳು. ಆದರೆ ಮಾತು ಶುರುಮಾಡಿದ ಮೇಲೆ ದನಿ ತಾನಾಗಿಯೇ ಏರಿತು. ಎದ್ದು ಬೋರ್ಡಿನ ಹತ್ತಿರ ಹೋದಳು, ಕಿರಿಯವಳ ಕೈಯಿಂದ ಪೆನ್ನು ತೆಗೆದುಕೊಂಡಳು. ಹೊಸದು ಕೂತ ಮೇಲೆ ಹಳೆಯದು ಏಳುತ್ತದೆ, ಏಳುವಾಗ ಏನು ಮಾಡುತ್ತದೆ ಗೊತ್ತೇ ಎಂದು ಒಂದೊಂದನ್ನೇ ಬಿಡಿಸಿ ಹೇಳಿ, ಕೊನೆಗೆ ಗಿರಾಕಿಗಳ ಫೋಲ್ಡರ್ ಎಂದು ಬರೆದು ಅದರ ಮೇಲೆ ದಪ್ಪ ಗೀಟು ಎಳೆದಳು. ಅನುಮಾನಪ್ಪ ತಲೆಯ ಮೇಲೆ ಕೈಹೊತ್ತು, "ಅಯ್ಯೋ, ನನ್ನ ಕೆಲಸ ಹೋಗ್ತಿತ್ತು," ಎಂದ.

ಯಜಮಾನರು ತಲೆದೂಗಿದರು. ಒಮ್ಮೆಯಲ್ಲ, ಮತ್ತೆ ಮತ್ತೆ.

"ನೋಡಿ, ಹಿರಿತನ ಅಂದ್ರೆ ಇದು. ಬುದ್ಧಿವಂತಿಕೆ ಯಾರಿಗೆ ಬೇಕಾದ್ರೂ ಇರುತ್ತೆ, ಅನುಭವ ಎಲ್ಲಿಂದ ತರ್ತೀರಿ? ಪ್ಯಾಕೇಜ್ ಕೆಲಸ ಇನ್ಮೇಲೆ ನಿಮ್ಮ ಕೈಯಲ್ಲೇ ಇರ್ಲಿ ಮೇಡಂ. ಒಂದ್ಸಲ ಓಡಿಸಿ ನೋಡಿ, ನೀವು ಹೇಳಿದ ಹಾಗೇ ಆಗುತ್ತಾ ಅಂತ. ಹಾಗೇ ಆದ್ರೆ ನೀವೇ ಸರಿಮಾಡಿ."

ಕಿರಿಯವಳು ಬೋರ್ಡಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಅವಳು ವಾದಿಸಲಿಲ್ಲ, ಕೆಂಪಾಗಲಿಲ್ಲ. ಆ ಸಂತೋಷದಲ್ಲೂ ಹಿರಿಯವಳಿಗೆ ಇದೊಂದು ಸ್ವಲ್ಪ ಸಪ್ಪೆಯೆನಿಸಿತು.

ಹಳೆಯ ಆವೃತ್ತಿಯಿದ್ದ ಒಂದೇ ಯಂತ್ರ ಸಾಮಾನು ಕೋಣೆಯಲ್ಲಿ, ಮುರಿದ ಕುರ್ಚಿಗಳ ನಡುವೆ ಇತ್ತು. ಹಿರಿಯವಳು ಸ್ಟೂಲು ಎಳೆದುಕೊಂಡು ಕೂತಳು. ಫೋಲ್ಡರಿನೊಳಗೆ ಪರೀಕ್ಷೆಗೆಂದು ಹಾಕಿದ್ದ ಸುಳ್ಳು ಗಿರಾಕಿಗಳು ತುಂಬಿದ್ದರು. ಹೊಸ ಪ್ಯಾಕೇಜಿಗೆ ಅಪ್ಪಣೆ ಕೊಟ್ಟು ಪರದೆಯನ್ನೇ ನೋಡಿದಳು. ಹೊಸದು ಬಂತು, ಕೂತಿತು. ಹಳೆಯದು ಎದ್ದಿತು. ಅವಳದೇ ಸ್ಕ್ರಿಪ್ಟು ಓಡಿತು, ಫೋಲ್ಡರು ಖಾಲಿಯಾಯಿತು. ಮನಸ್ಸಿಗೆ ತಂಪಾಯಿತು. ನನ್ನದು ಈಗಲೂ ಎಷ್ಟು ಚೊಕ್ಕವಾಗಿ ಗುಡಿಸುತ್ತದೆ ಎಂದು ಒಂದು ಹೆಮ್ಮೆಯೂ ಬಂತು.

ಆಮೇಲೆ ಪರದೆಯ ಮೇಲೆ ಇನ್ನೊಂದು ಸಾಲು ಮೂಡಿತು. ಅದರ ಹಿಂದೆ ಮತ್ತೊಂದು. ಫೋಲ್ಡರು ತುಂಬತೊಡಗಿತು. ಗಿರಾಕಿಗಳೆಲ್ಲ ತಮ್ಮ ತಮ್ಮ ಕಣ್ಣುಗಳ ಸಮೇತ ವಾಪಸು ಬಂದು ಕೂತರು, ಒಬ್ಬರೂ ಕಡಿಮೆಯಿಲ್ಲದೆ.

ಹಿರಿಯವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋರ್ಡಿನ ಮೇಲಿದ್ದ ನಾಲ್ಕು ಸ್ಕ್ರಿಪ್ಟೂ ಮುಗಿದು, ಹಳೆಯದು ಪೂರ್ತಿ ಹೊರಟುಹೋದ ಮೇಲೆ, ಹೊಸದಕ್ಕೆ ಕೊನೆಯಲ್ಲಿ ಇನ್ನೊಂದು ಸ್ಕ್ರಿಪ್ಟು ನಡೆಸಲು ಅವಕಾಶವಿದೆ. ಬಳಸುವವರು ಕಡಿಮೆ, ಅವಳು ಒಮ್ಮೆಯೂ ಬಳಸಿರಲಿಲ್ಲ. ಹೊಸದು ಕೂರುವ ಮೊದಲೇ ಕಿರಿಯವಳು ಎಲ್ಲವನ್ನೂ ಪಕ್ಕಕ್ಕೆ ನಕಲು ಮಾಡಿಟ್ಟು, ಕೊನೆಯ ಸ್ಕ್ರಿಪ್ಟಿನಲ್ಲಿ ವಾಪಸಿಟ್ಟಿದ್ದಳು. ಹಿರಿಯವಳು ಕೈಯಿಂದ ಮಾಡುತ್ತಿದ್ದ ಅದೇ ಕೆಲಸ.

ಬಾಗಿಲು ಸದ್ದಾಯಿತು. ಕಿರಿಯವಳು ಎರಡು ಲೋಟ ಟೀ ಹಿಡಿದು ನಿಂತಿದ್ದಳು. ಪರದೆಯ ಕಡೆ ಒಮ್ಮೆ ನೋಡಿ, ಒಂದು ಲೋಟವನ್ನು ಮುರಿದ ಕುರ್ಚಿಯ ಮೇಲಿಟ್ಟಳು.

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ನಿಮ್ಮ ಸ್ಕ್ರಿಪ್ಟ್ ಓದಿಯೇ ಅಲ್ವಾ ನಾನು ಕೆಲಸ ಕಲ್ತಿದ್ದು."

"ಮತ್ತೆ ಬೋರ್ಡಿನ ಮೇಲೆ ಯಾಕೆ ಬರೀಲಿಲ್ಲ?"

"ಬರೆದ್ರೆ ನಿಮ್ಮ ಹಳೇ ಸ್ಕ್ರಿಪ್ಟಿನ ವಿಷಯ ಎಲ್ಲರ ಎದುರು ಹೇಳಬೇಕಾಗ್ತಿತ್ತು. ಬೇಡ ಅನ್ನಿಸ್ತು. ಒಳಗೇ ಸರಿಮಾಡಿ ಸುಮ್ಮನಾದೆ."

ಹಿರಿಯವಳು ಮುಖವನ್ನು ಪರದೆಯ ಕಡೆ ತಿರುಗಿಸಿದಳು. ಬುದ್ಧಿಯಲ್ಲಿ ಮುಂದೆ, ನಗುವಿನಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಮುಂದೆ. ಒಂದನ್ನಾದರೂ ತನಗೆ ಬಿಡಬಾರದಿತ್ತೇ?

"ಸರಿ, ಬೆಳಗ್ಗೆ ನಾನು ಎದ್ದು ಹೇಳ್ದಾಗ? ಆಗಾದ್ರೂ ಬಾಯಿ ಬಿಡಬಹುದಿತ್ತಲ್ಲ. ಸುಮ್ನೆ ನಿಂತು ನೋಡ್ತಾ ಇದ್ದೆಯಲ್ಲ?"

ಕಿರಿಯವಳು ಟೀಯನ್ನು ಊದಿದಳು. ಕುಡಿಯಲಿಲ್ಲ.

"ಮೊದಲ ದಿನವೇ ನಿಮಗೆ ಹೊಳೀತು ಅಂತ ನಂಗೆ ಗೊತ್ತಾಯ್ತು. ಎಲ್ಲರೂ ಎದ್ದು ಹೋದ್ರೂ ನೀವು ಬೋರ್ಡ್ ನೋಡ್ತಾ ಕೂತಿದ್ರಿ. ತಾರಸೀಲಿ ಕೇಳಿದೆ. ಏನೂ ಇಲ್ಲ ಅಂದ್ರಿ. ಆಮೇಲೆ ಸುಮ್ನೆ ಕಾಯ್ತಾ ಇದ್ದೆ, ಹೇಳ್ತೀರೋ ಇಲ್ವೋ ಅಂತ."

"ಹೇಳಿದೆನಲ್ಲ ಮತ್ತೆ!"

"ಹೇಳಿದ್ರಿ ಅಕ್ಕ," ಎಂದಳು ಕಿರಿಯವಳು. "ಎಲ್ಲರ ಎದುರು."

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ತಲೆ ಹಾಕಿದರು. ಸಾಮಾನು ಕೋಣೆಯ ಧೂಳಿಗೆ ಒಮ್ಮೆ ಸೀನಿದರು. "ಏನ್ ಮೇಡಂ? ಹೇಳಿದ ಹಾಗೇ ಆಯ್ತಾ?"

ಹಿರಿಯವಳು ಕಿರಿಯವಳ ಕಡೆ ನೋಡಿದಳು. ಕಿರಿಯವಳು ಲೋಟದೊಳಗೆ ನೋಡುತ್ತಿದ್ದಳು. ಒಂದೇ ಒಂದು ಮಾತು, ಇವಳು ಮೊದಲೇ ನೋಡಿಕೊಂಡಿದ್ದಳು ಸರ್, ಎಂದರೆ ಮುಗಿಯಿತು. ಆ ಮಾತು ಗಂಟಲವರೆಗೆ ಬಂದಿತ್ತು ಕೂಡ. ಅದರ ಜೊತೆಗೆ ಯಜಮಾನರ ತಲೆ ಮತ್ತೆ ಅತ್ತ ತಿರುಗುವುದು ಕಾಣಿಸಿತು.

"ಆಯ್ತು ಸರ್," ಎಂದಳು. "ಫೋಲ್ಡರ್ ಖಾಲಿ ಆಯ್ತು."

ಸುಳ್ಳಲ್ಲ. ಆಗಿತ್ತು.

"ಸರಿಮಾಡೋಕೆ?"

"ಸಂಜೆಯೊಳಗೆ ಮಾಡ್ತೀನಿ."

"ಭೇಷ್. ಚಿಕ್ಕ ಮೇಡಂ, ಪಕ್ಕದಲ್ಲಿ ಕೂತು ನೋಡಿ ಕಲಿತ್ಕೊಳ್ಳಿ."

"ಕಲೀತಾ ಇದೀನಿ ಸರ್," ಎಂದಳು ಕಿರಿಯವಳು.

ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರೂ ಎಂದಿನಂತೆ ಒಟ್ಟಿಗೇ ಹತ್ತಿದರು, ಅಕ್ಕಪಕ್ಕ ನಿಂತರು. ಸೇತುವೆ ದಾಟಿದ ಮೇಲೆ ಅವರ ಮುಂದೆ ಕೂತಿದ್ದ ಹೆಂಗಸು ಎದ್ದು ಇಳಿದುಹೋದಳು.

"ಕೂತ್ಕೊಳ್ಳಿ ಅಕ್ಕ," ಎಂದಳು ಕಿರಿಯವಳು.

"ನೀನು ಕೂತ್ಕೋ."

"ಪರವಾಗಿಲ್ಲ, ನೀವು ಕೂತ್ಕೊಳ್ಳಿ."

ಹಿರಿಯವಳಿಗೆ ಕಾಲು ನೋಯುತ್ತಿತ್ತು. ಅವಳು ಕೂರಲಿಲ್ಲ. ಕಿರಿಯವಳೂ ಕೂರಲಿಲ್ಲ. ತುಂಬಿದ ಬಸ್ಸಿನಲ್ಲಿ ಆ ಒಂದು ಸೀಟು ಖಾಲಿಯಾಗಿಯೇ ಮುಂದೆ ಹೋಯಿತು. ಆಚೀಚೆ ನಿಂತವರು ಸೀಟನ್ನು ನೋಡಿ, ಇವರಿಬ್ಬರನ್ನು ನೋಡಿ, ಏನೋ ಚೆಲ್ಲಿರಬೇಕೆಂದು ಸುಮ್ಮನಾದರು. ಮುಂದಿನ ನಿಲ್ದಾಣದಲ್ಲಿ ಹತ್ತಿದ ಒಬ್ಬ ಮುದುಕ ಜನರ ನಡುವೆ ತೂರಿಕೊಂಡು ಬಂದು, "ಇಲ್ಲಿ ಯಾರಾದ್ರೂ ಇದಾರೇನಮ್ಮ?" ಎಂದು ಕೇಳಿದ.

"ಇಲ್ಲ," ಎಂದರು ಇಬ್ಬರೂ ಒಟ್ಟಿಗೆ.

ಅವನು ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಬಸ್ಸು ತಿರುವಿನಲ್ಲಿ ವಾಲಿದಾಗ ಇಬ್ಬರೂ ಕೈಚಾಚಿ ಮೇಲಿನ ಕಂಬಿ ಹಿಡಿದರು. ಎರಡು ಕೈಗಳ ನಡುವೆ ಒಂದು ಗೇಣಿನಷ್ಟು ಕಂಬಿ ಬರಿದಾಗಿ ಹೊಳೆಯುತ್ತಿತ್ತು.